ಗಾಡಿಯ ಅಡಿಯಿಂದ ಸದ್ದು ಬಂದರೆ ಗ್ಯಾರೇಜಿನಲ್ಲಿ ಏನು ಕೇಳಬೇಕು?



ಮಹಾನಗರದ ರಸ್ತೆಗೆ ಮಳೆ ಏನು ಮಾಡುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಮುಂಬಯಿ, ಪುಣೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಚೆನ್ನೈಯಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಡಾಂಬರು ಕಿತ್ತು ಬರುತ್ತದೆ. ನೀರು ತುಂಬಿದ ಗುಂಡಿ ಎಷ್ಟು ಆಳ ಎಂಬುದು ಚಕ್ರ ಅದರೊಳಗೆ ಇಳಿದ ಮೇಲೆಯೇ ತಿಳಿಯುವುದು! ಮಳೆ ನಿಂತ ಕೆಲವು ದಿನಗಳಲ್ಲಿ ಗಾಡಿಯ ಕೆಳಗಿನಿಂದ ಒಂದು ಹೊಸ ಸದ್ದು ಶುರುವಾಗುತ್ತದೆ. ಮೊದಮೊದಲು 'ಕಟ್ ಕಟ್', ಆಮೇಲೆ 'ದಡ್ ದಡ್'.

ಗ್ಯಾರೇಜಿಗೆ ಹೋದರೆ ಗಾಡಿಯ ಕೆಳಗೆ ಒಮ್ಮೆ ಬಗ್ಗಿ ನೋಡಿ, "ಸಸ್ಪೆನ್ಷನ್ ಹೋಗಿದೆ, ನಾಲ್ಕೂ ಶಾಕ್ ಬದಲಿಸಬೇಕು" ಎಂಬ ತೀರ್ಪು ಬರುತ್ತದೆ. ನಮಗೋ ಊರಿನ ಭಾಷೆ ಅರ್ಧಂಬರ್ಧ, ಗಾಡಿಯ ಭಾಷೆ ಅದಕ್ಕಿಂತ ಕಡಿಮೆ. ಒಪ್ಪಿದರೆ ಸಾವಿರಾರು ರೂಪಾಯಿ ಖರ್ಚು. ಒಪ್ಪದೆ ಬಂದರೆ ಮನಸ್ಸಿನಲ್ಲಿ ಅಳುಕು. ಈ ಇಕ್ಕಟ್ಟಿನಿಂದ ಪಾರಾಗಲು ಮೆಕ್ಯಾನಿಕ್ ಆಗಬೇಕಾಗಿಲ್ಲ. ಎಂಜಿನ್ನಿನ ಒಳಗಿನ ರೋಗ ಹೊರಗಿನವರಿಗೆ ಕಾಣುವುದಿಲ್ಲ, ನಿಜ. ಆದರೆ ಸಸ್ಪೆನ್ಷನ್ನಿನ ರೋಗ ಬಹುಪಾಲು ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಹೀಗಾಗಿ "ಯಾವುದು ಹೋಗಿದೆ, ತೋರಿಸಿ" ಎಂದು ಕೇಳುವ ಹಕ್ಕು ನಿಮಗಿದೆ. ತೋರಿಸಿದಾಗ ಏನನ್ನು ನೋಡಬೇಕು ಎಂಬುದನ್ನು ಈ ಲೇಖನದಲ್ಲಿ ತಿಳಿದುಕೊಳ್ಳೋಣ.

ಗಾಡಿಯ ಅಡಿಯಲ್ಲಿ ಏನಿದೆ?

ಚಕ್ರಕ್ಕೂ ಗಾಡಿಯ ಮೈಗೂ ನಡುವೆ ಇರುವ ಸಂಸಾರವೇ ಸಸ್ಪೆನ್ಷನ್. ಇದರ ಹಿರಿಯ ಸದಸ್ಯ ಸ್ಪ್ರಿಂಗ್. ಹಿಂದೆ ಕುದುರೆ ಗಾಡಿಗಳಲ್ಲಿ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳಿದ್ದವಲ್ಲ, ಅದೇ ಲೀಫ್ ಸ್ಪ್ರಿಂಗ್. ಹಿಂದಿಯಲ್ಲಿ ಇದಕ್ಕೆ 'ಕಮಾನಿ' ಎನ್ನುತ್ತಾರೆ. ಅಂಬಾಸಿಡರ್ ಕಾರಿನ ಹಿಂಬದಿಯಲ್ಲಿ ಇದ್ದದ್ದು ಇದೇ. 2023ರ ಅಕ್ಟೋಬರ್‌ನಲ್ಲಿ ಮುಂಬಯಿ ರಸ್ತೆಗಳಿಂದ ಮರೆಯಾದ ಕಪ್ಪು-ಹಳದಿ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಯ ಹಿಂದಿನ ಚಕ್ರಗಳೂ ಇದರ ಮೇಲೇ ಕುಳಿತಿದ್ದವು. ಲಾರಿಗಳಲ್ಲಿ ಇಂದಿಗೂ ಇದರದೇ ರಾಜ್ಯ. ಈಗಿನ ಬಹುತೇಕ ಕಾರುಗಳಲ್ಲಿ ಮಾತ್ರ ಸುರುಳಿಯಾಕಾರದ ಕಾಯಿಲ್ ಸ್ಪ್ರಿಂಗ್ ಇರುತ್ತದೆ.

ಸ್ಪ್ರಿಂಗಿಗೆ ಒಂದು ದೌರ್ಬಲ್ಯವಿದೆ. ಒಮ್ಮೆ ಅದುಮಿ ಬಿಟ್ಟರೆ ಅದು ತಾನಾಗಿ ಬೇಗ ನಿಲ್ಲುವುದಿಲ್ಲ. ಉಯ್ಯಾಲೆಯನ್ನು ತಳ್ಳಿ ಬಿಟ್ಟ ಹಾಗೆ ಆಡುತ್ತಲೇ ಇರುತ್ತದೆ. ಈ ಆಟವನ್ನು ಹಿಡಿದು ನಿಲ್ಲಿಸುವ ಕೈ ಯಾವುದು? ಅದೇ ಶಾಕ್ ಅಬ್ಸಾರ್ಬರ್. ಕೆಲವು ಊರುಗಳಲ್ಲಿ 'ಶಾಕರ್', ಕೆಲವು ಕಡೆ 'ಶಾಕಪ್' ಎನ್ನುತ್ತಾರೆ. ಹೆಸರಿನ ಅರ್ಥ ಹೊಡೆತ ಹೀರುವುದು ಎಂದಾದರೂ ಗುಂಡಿಯ ಹೊಡೆತವನ್ನು ಮೊದಲು ತಾಳಿಕೊಳ್ಳುವುದು ಟೈರ್ ಮತ್ತು ಸ್ಪ್ರಿಂಗ್. ಶಾಕ್‌ನ ಮುಖ್ಯ ಕೆಲಸ ಆಮೇಲಿನ ಕುಣಿತವನ್ನು ನಿಲ್ಲಿಸುವುದು. ಅದರ ಕೊಳವೆಯೊಳಗೆ ಎಣ್ಣೆ ಇರುತ್ತದೆ, ಎಣ್ಣೆಯಲ್ಲಿ ಸಣ್ಣ ರಂಧ್ರಗಳಿರುವ ಪಿಸ್ಟನ್ ಇರುತ್ತದೆ. ಬಕೆಟ್ ನೀರಿನಲ್ಲಿ ಕೈಯನ್ನು ನಿಧಾನವಾಗಿ ಆಡಿಸಿ ನೋಡಿ, ಸಲೀಸು. ಜೋರಾಗಿ ಆಡಿಸಿದರೆ ನೀರು ಎದುರು ನಿಲ್ಲುತ್ತದೆ. ಶಾಕ್ ಒಳಗೆ ನಡೆಯುವುದೂ ಇದೇ. ಕುಣಿತದ ಶಕ್ತಿ ಎಣ್ಣೆಯಲ್ಲಿ ಶಾಖವಾಗಿ ಕರಗಿಹೋಗುತ್ತದೆ.

ನಮ್ಮ ಸಣ್ಣ ಕಾರುಗಳ ಮುಂಭಾಗದಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಎರಡನ್ನೂ ಸೇರಿಸಿದ ಒಂದೇ ಕಂಬವಿರುತ್ತದೆ. ಅದಕ್ಕೆ ಸ್ಟ್ರಟ್ ಎಂದು ಹೆಸರು. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ಈ ಏರ್ಪಾಡು ಮಾರುತಿ 800ರಲ್ಲೂ ಇತ್ತು, ಇಂದಿನ ಹೆಚ್ಚಿನ ಸಣ್ಣ ಕಾರುಗಳಲ್ಲೂ ಇದೆ. ಕಂಬದ ತಲೆಯನ್ನು ಗಾಡಿಯ ಮೈಗೆ ಸೇರಿಸುವ ರಬ್ಬರಿನ ಭಾಗ ಸ್ಟ್ರಟ್ ಮೌಂಟ್. ಕೆಳಗೆ ಚಕ್ರವನ್ನು ಗಾಡಿಗೆ ಹಿಡಿದಿಡುವ ತೋಳು ಲೋವರ್ ಆರ್ಮ್. ಆ ತೋಳಿನ ಒಳತುದಿಯಲ್ಲಿ ರಬ್ಬರ್ ಬುಷ್‌ಗಳು, ಹೊರತುದಿಯಲ್ಲಿ ಬಾಲ್ ಜಾಯಿಂಟ್. ನಮ್ಮ ಭುಜದ ಕೀಲಿನಂತೆ ಬಟ್ಟಲಲ್ಲಿ ಗುಂಡು ತಿರುಗುವ ಕೀಲು ಅದು. ತಿರುವಿನಲ್ಲಿ ಗಾಡಿ ಒಂದು ಬದಿಗೆ ವಾಲದಂತೆ ತಡೆಯುವ ಸರಳು ಸ್ಟೆಬಿಲೈಜರ್ ಬಾರ್. ಅದರ ಎರಡೂ ತುದಿಗೆ ಲಿಂಕ್ ರಾಡ್, ನಡುವೆ ಹಿಡಿದುಕೊಳ್ಳಲು ಡಿ ಬುಷ್. ಸ್ಟಿಯರಿಂಗ್‌ನಿಂದ ಚಕ್ರಕ್ಕೆ ಬರುವ ಕಡ್ಡಿಯ ತುದಿ ಟೈ ರಾಡ್ ಎಂಡ್.

ಈ ಹೆಸರುಗಳನ್ನು ಒಮ್ಮೆ ಜೋರಾಗಿ ಹೇಳಿಕೊಳ್ಳಿ. ದಿಲ್ಲಿಯ ಕಾಶ್ಮೀರಿ ಗೇಟ್‌ನಲ್ಲಾಗಲಿ, ಚೆನ್ನೈಯ ಪುದುಪ್ಪೇಟೆಯಲ್ಲಾಗಲಿ, ಮುಂಬಯಿಯ ಕುರ್ಲಾದಲ್ಲಾಗಲಿ, ಪುಣೆಯ ನಾನಾ ಪೇಟೆಯಲ್ಲಾಗಲಿ ಬಿಡಿಭಾಗದ ಅಂಗಡಿಗಳಲ್ಲಿ ಇವೇ ಹೆಸರುಗಳು ನಡೆಯುತ್ತವೆ. ಮಾತಿನ ಭಾಷೆ ಯಾವುದೇ ಇರಲಿ, ಗ್ಯಾರೇಜಿನ ಭಾಷೆ ಎಲ್ಲ ಕಡೆ ಒಂದೇ!

ಇದು ಬರೀ ಆರಾಮದ ಮಾತಲ್ಲ

"ಸ್ವಲ್ಪ ಕುಲುಕುತ್ತದೆ ಅಷ್ಟೇ, ಓಡುತ್ತಿದೆಯಲ್ಲ" ಎಂದು ಹಲವರು ಸುಮ್ಮನಿರುತ್ತಾರೆ. ಆದರೆ ಬ್ರೇಕ್ ಹಿಡಿಯುವುದು ಚಕ್ರವನ್ನು, ಗಾಡಿಯನ್ನು ನಿಲ್ಲಿಸುವುದು ಟೈರ್ ಮತ್ತು ರಸ್ತೆಯ ನಡುವಿನ ಹಿಡಿತ. ಸವೆದ ಶಾಕ್ ಇರುವ ಗಾಡಿಯಲ್ಲಿ ಟೈರ್ ಉಬ್ಬುತಗ್ಗುಗಳ ಮೇಲೆ ಕುಪ್ಪಳಿಸುತ್ತದೆ. ಕುಪ್ಪಳಿಸಿದ ಪ್ರತಿ ಕ್ಷಣವೂ ಹಿಡಿತ ಕಡಿಮೆ. ಅಂದರೆ ಬ್ರೇಕ್ ಹೊಸದಿದ್ದರೂ ಕೆಟ್ಟ ರಸ್ತೆಯಲ್ಲಿ ಗಾಡಿ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ತಿರುವಿನಲ್ಲಿ ಗಾಡಿ ಹೊರಗೆ ಜಾರುವ ಸಂಭವವೂ ಹೆಚ್ಚು.

ಇನ್ನೂ ಗಂಭೀರವಾದದ್ದು ಬಾಲ್ ಜಾಯಿಂಟ್. ಇದರ ಮೇಲಿನ ರಬ್ಬರ್ ಟೋಪಿ ಹರಿದರೆ ಕೆಸರು, ಮರಳು ಒಳಗೆ ಸೇರಿ ಗ್ರೀಸ್ ತೊಳೆದುಹೋಗುತ್ತದೆ, ಕೀಲು ಸವೆಯುತ್ತದೆ. ಸವೆತ ಮಿತಿ ಮೀರಿದರೆ ಗುಂಡು ಬಟ್ಟಲಿನಿಂದ ಕಳಚಿ ಬರುತ್ತದೆ. ಆಗ ಚಕ್ರ ಹೊರಕ್ಕೆ ಮಡಚಿಕೊಂಡು ಗಾಡಿ ಕುಸಿಯುತ್ತದೆ. ಸಿಗ್ನಲ್ ಬಳಿ ಹೀಗಾದರೆ ಕ್ರೇನ್ ಖರ್ಚಿನಲ್ಲಿ ಮುಗಿಯಬಹುದು. ಹೆದ್ದಾರಿಯ ವೇಗದಲ್ಲಿ ಆದರೆ? ಹಾಗಾಗಿ ಲಿಂಕ್ ರಾಡ್‌ನ ಸಣ್ಣ ಸದ್ದು ತಿಂಗಳ ಸಂಬಳದವರೆಗೆ ಕಾಯಬಹುದಾದರೂ ಆಡುತ್ತಿರುವ ಬಾಲ್ ಜಾಯಿಂಟ್ ಒಂದು ದಿನವೂ ಕಾಯಬಾರದು. ಯಾವುದಕ್ಕೆ ಅವಸರ, ಯಾವುದಕ್ಕೆ ತಾಳ್ಮೆ ಎಂದು ತಿಳಿದರೆ ಹಣವೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ.

ಸದ್ದಿಗೂ ಒಂದು ಅರ್ಥವಿದೆ

ನೀವು ಕಿವಿಯನ್ನು ನಂಬುವವರು, ರೇಡಿಯೋ ಕೇಳುಗರಲ್ಲವೇ! ಒಂದು ಸಲ ಮಾತ್ರ, ಹತ್ತು ನಿಮಿಷ, ನಮ್ಮ ಕಾರ್ಯಕ್ರಮವನ್ನೂ ಬಂದ್ ಮಾಡಿ ಗಾಡಿಯ ಸದ್ದಿಗೆ ಕಿವಿಗೊಡಿ. ಕಿಟಕಿ ಇಳಿಸಿ, ಕಾಂಪೌಂಡ್ ಗೋಡೆಯ ಪಕ್ಕದಲ್ಲಿ ನಿಧಾನವಾಗಿ ಓಡಿಸಿದರೆ ಸದ್ದು ಗೋಡೆಗೆ ಬಡಿದು ಸ್ಪಷ್ಟವಾಗಿ ಕೇಳುತ್ತದೆ.

ಸಣ್ಣ ಸಣ್ಣ ಉಬ್ಬುಗಳ ಮೇಲೆ ಹಗುರವಾದ 'ಕಟ್ ಕಟ್' ಬಂದರೆ ಮೊದಲ ಅನುಮಾನ ಲಿಂಕ್ ರಾಡ್ ಅಥವಾ ಡಿ ಬುಷ್ ಮೇಲೆ. ಇವು ಈ ಸಂಸಾರದಲ್ಲಿ ಅಗ್ಗದ ಸದಸ್ಯರು.

ಬ್ರೇಕ್ ಒತ್ತಿದಾಗ ಅಥವಾ ಗಾಡಿ ಹೊರಟಾಗ ಒಂದೇ ಒಂದು 'ಟಕ್' ಬಂದರೆ ಲೋವರ್ ಆರ್ಮ್ ಬುಷ್ ನೋಡಿಸಬೇಕು.

ದೊಡ್ಡ ಗುಂಡಿಯಲ್ಲಿ 'ದಡ್' ಎಂದು ಹೊಟ್ಟೆಗೆ ತಾಗುವಂತೆ ಬಂದರೆ ಶಾಕ್ ಸೋತು ಸಸ್ಪೆನ್ಷನ್ ತಳ ಮುಟ್ಟುತ್ತಿರಬಹುದು, ಇಲ್ಲವೇ ಸ್ಟ್ರಟ್ ಮೌಂಟ್ ಹಾಳಾಗಿರಬಹುದು.

ಗಾಡಿ ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದಾಗ 'ಟಂಗ್' ಎಂದು ಸ್ಪ್ರಿಂಗ್ ಚಿಮ್ಮಿದ ಸದ್ದು ಬಂದರೆ ಸ್ಟ್ರಟ್ ತಲೆಯ ಬೇರಿಂಗ್ ಕಡೆ ಬೆರಳು ತೋರಿಸಬಹುದು.

ಸಸ್ಪೆನ್ಷನ್ ತಲೆಗೆ ಸುಮ್ಮನೆ ಕಟ್ಟುವ ಸದ್ದುಗಳೂ ಇವೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಗಾಡಿ ಓಡಿಸುವಾಗ 'ಟಕಟಕಟಕ' ಎಂದರೆ ಅದು ಬಹುಮಟ್ಟಿಗೆ ಡ್ರೈವ್ ಶಾಫ್ಟ್‌ನ ಜಾಯಿಂಟ್. ವೇಗ ಹೆಚ್ಚಿದಂತೆ ಏರುವ 'ಗುಂಯ್' ಎಂಬ ಸದ್ದು ವೀಲ್ ಬೇರಿಂಗ್‌ನದೋ ಅಡ್ಡಾದಿಡ್ಡಿ ಸವೆದ ಟೈರ್‌ನದೋ ಆಗಿರುತ್ತದೆ. ಇವುಗಳಿಗೆ ಶಾಕ್ ಬದಲಿಸಿದರೆ ಹಣ ಹೋಗುತ್ತದೆ, ಸದ್ದು ಹೋಗುವುದಿಲ್ಲ.

ಯಾವ ರಸ್ತೆಯಲ್ಲಿ, ಎಷ್ಟು ವೇಗದಲ್ಲಿ, ಎಡಕ್ಕೋ ಬಲಕ್ಕೋ, ಬ್ರೇಕ್ ಒತ್ತಿದಾಗಲೋ ಬಿಟ್ಟಾಗಲೋ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ವೈದ್ಯರಿಗೆ ರೋಗಲಕ್ಷಣ ಹೇಳಿದಂತೆ ಇದು ಮೆಕ್ಯಾನಿಕ್‌ಗೆ ಅರ್ಧ ದಾರಿ ತೋರಿಸುತ್ತದೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ. ಟೈರ್‌ಗೂ ಅದರ ಮೇಲಿನ ಮಡ್‌ಗಾರ್ಡ್ ಅಂಚಿಗೂ ನಡುವಿನ ಜಾಗವನ್ನು ಬೆರಳುಗಳಿಂದ ಅಳೆದು ಎಡಬಲ ಹೋಲಿಸಿ. ಒಂದು ಬದಿ ಕುಸಿದಿದ್ದರೆ ಸ್ಪ್ರಿಂಗ್ ತುಂಡಾಗಿರಬಹುದು. ಕಾಯಿಲ್ ಸ್ಪ್ರಿಂಗ್ ತುಕ್ಕು ಹಿಡಿದು ಸಾಮಾನ್ಯವಾಗಿ ತುದಿಯ ಸುರುಳಿಯಲ್ಲೇ ಮುರಿಯುತ್ತದೆ. ಮುರಿದ ತುದಿ ಟೈರನ್ನು ಕೊಯ್ಯುವ ಅಪಾಯವೂ ಇದೆ.

ಆಮೇಲೆ ಗಾಡಿಯ ಒಂದೊಂದೇ ಮೂಲೆಯನ್ನು ಬಲವಾಗಿ ಅದುಮಿ ಬಿಡಿ. ಮೇಲೆ ಬಂದು ಒಂದೆರಡು ಚಲನೆಯಲ್ಲೇ ನಿಂತರೆ ಸರಿ. ಆಡುತ್ತಲೇ ಇದ್ದರೆ ಶಾಕ್ ಸೋತಿದೆ. ಆದರೆ ಈ ಪರೀಕ್ಷೆ ಪೂರ್ತಿ ಸೋತ ಶಾಕನ್ನು ಮಾತ್ರ ಹಿಡಿದುಕೊಡುತ್ತದೆ, ಅರ್ಧ ಸೋತದ್ದು ಇದರಲ್ಲಿ ಪಾಸಾಗಿಬಿಡಬಹುದು. ಟಾರ್ಚ್ ಹಿಡಿದು ಶಾಕ್‌ನ ಕೊಳವೆಯನ್ನೂ ನೋಡಿ. ಮೇಲೆ ತೆಳುವಾದ ಧೂಳು ಮೆತ್ತಿದ ಜಿಡ್ಡಿದ್ದರೆ ಗಾಬರಿ ಬೇಡ. ಎಣ್ಣೆ ಒದ್ದೆಯಾಗಿ ಇಳಿಯುತ್ತಿದ್ದರೆ ಅದರ ಆಯುಸ್ಸು ಮುಗಿದಿದೆ.

ಕೊನೆಗೆ, ನಿಂತ ಗಾಡಿಯ ಟೈರ್ ಮೇಲೆ ಅಂಗೈ ಸವರಿ. ಒಂದೇ ಅಂಚು ಸವೆದಿದ್ದರೆ ಚಕ್ರದ ಕೋನ ತಪ್ಪಿದೆ. ಅಲ್ಲಲ್ಲಿ ಬಟ್ಟಲಿನಂತೆ ತಗ್ಗುಗಳಿದ್ದರೆ ಚಕ್ರ ಕುಪ್ಪಳಿಸುತ್ತಿದೆ ಎಂದರ್ಥ, ಶಾಕ್ ಮೇಲೆ ಅನುಮಾನ. ಒಂದು ಎಚ್ಚರಿಕೆ: ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಯಾವ ಕಾರಣಕ್ಕೂ ನುಸುಳಬೇಡಿ. ಆ ಕೆಲಸ ಗ್ಯಾರೇಜಿನ ಲಿಫ್ಟ್‌ಗೆ ಬಿಡಿ.

ಗ್ಯಾರೇಜಿನಲ್ಲಿ: "ತೋರಿಸಿ"

ಬಡಾವಣೆಯ ಗ್ಯಾರೇಜಿಗೆ ಒಂದು ದೊಡ್ಡ ಗುಣವಿದೆ. ಗಾಡಿ ಬಿಚ್ಚುವವನ ಜೊತೆ ನೀವು ನೇರವಾಗಿ ಮಾತನಾಡಬಹುದು. ಮುಂಬಯಿಯಲ್ಲಿ 'ಭಾಯ್', ಪುಣೆಯಲ್ಲಿ 'ದಾದಾ', ಚೆನ್ನೈಯಲ್ಲಿ 'ಅಣ್ಣಾ', ದಿಲ್ಲಿಯಲ್ಲಿ 'ಭೈಯಾ' ಎಂದು ಮಾತು ಶುರುಮಾಡಿ, ಮೊದಲು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿಬನ್ನಿ. ಸದ್ದು ಅವರ ಕಿವಿಗೂ ಬೀಳಲಿ. ಈ ಸುತ್ತು ಹೋಗದೆಯೇ ಪಟ್ಟಿ ಬರೆಯುವ ಗ್ಯಾರೇಜಿನಿಂದ ಮರಳಿ ಬಂದರೂ ನಷ್ಟವಿಲ್ಲ.

ಆಮೇಲೆ ಗಾಡಿ ಲಿಫ್ಟ್ ಮೇಲೆ ಏರಲಿ. ಚಕ್ರವನ್ನು ಗಡಿಯಾರದ ಮುಖ ಎಂದುಕೊಳ್ಳಿ. 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದಾಗ ಲೊಡಲೊಡ ಎಂದರೆ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್. 3 ಮತ್ತು 9ರ ಜಾಗದಲ್ಲಿ ಅಲ್ಲಾಡಿದರೆ ಟೈ ರಾಡ್ ಎಂಡ್ ಅಥವಾ ಸ್ಟಿಯರಿಂಗ್ ರ‍್ಯಾಕ್. ಬುಷ್ ನೋಡಲು ಮೆಕ್ಯಾನಿಕ್ ಕಬ್ಬಿಣದ ಸಲಾಕೆ ತೂರಿಸಿ ಲೋವರ್ ಆರ್ಮ್ ಮೀಟುತ್ತಾರೆ. ಒಳ್ಳೆಯ ರಬ್ಬರ್ ಬಿಗಿಯಾಗಿ ಸ್ವಲ್ಪವೇ ಬಾಗುತ್ತದೆ. ಹಾಳಾದದ್ದು ಸೀಳು ಬಿಟ್ಟು ಬಾಯ್ದೆರೆಯುತ್ತದೆ. ಇದೆಲ್ಲ ನಡೆಯುವುದು ನಿಮ್ಮ ಕಣ್ಣೆದುರಿಗೇ. ಫೋನ್‌ನಲ್ಲಿ ವಿಡಿಯೋ ಮಾಡಿಟ್ಟುಕೊಂಡರೂ ಸರಿ.

ಈಗ ಮೂರು ಪ್ರಶ್ನೆ ಕೇಳಿ. ಯಾವ ಭಾಗ ಹೋಗಿದೆ? ಅದು ಇವತ್ತೇ ಬದಲಾಗಬೇಕೇ, ಕಾಯಬಹುದೇ? ಬುಷ್ ಮಾತ್ರ ಸಾಕೇ, ಇಡೀ ಆರ್ಮ್ ಬೇಕೇ? ಕೊನೆಯ ಪ್ರಶ್ನೆಗೆ ಉತ್ತರ ಗಾಡಿಯಿಂದ ಗಾಡಿಗೆ ಬೇರೆ. ಕೆಲವಕ್ಕೆ ಬುಷ್ ಬಿಡಿಯಾಗಿ ಸಿಗುತ್ತದೆ, ಪ್ರೆಸ್‌ನಲ್ಲಿ ಒತ್ತಿ ಕೂರಿಸಬಹುದು. ಬಾಲ್ ಜಾಯಿಂಟ್ ಕೂಡ ಸವೆದಿದ್ದರೆ ಇಡೀ ಆರ್ಮ್ ಹಾಕಿಸುವುದೇ ಲೇಸು, ಏಕೆಂದರೆ ಬಿಚ್ಚಿ ಜೋಡಿಸುವ ಕೂಲಿ ಎರಡು ಸಲ ಬೀಳುವುದಿಲ್ಲ.

ಶಾಕ್ ವಿಷಯದಲ್ಲಿ ನಿಯಮ ಸುಲಭ. ಜೋಡಿಯಾಗಿ ಬದಲಿಸಬೇಕು, ಅಂದರೆ ಮುಂದಿನವು ಎರಡೂ ಅಥವಾ ಹಿಂದಿನವು ಎರಡೂ. ಎಡಕ್ಕೆ ಹೊಸದು, ಬಲಕ್ಕೆ ಹಳೆಯದು ಇದ್ದರೆ ಗಾಡಿ ಎರಡು ಬದಿಗೆ ಎರಡು ರೀತಿ ನಡೆದುಕೊಳ್ಳುತ್ತದೆ. ಆದರೆ ಮುಂದಿನವು ಹೋದ ಮಾತ್ರಕ್ಕೆ ಹಿಂದಿನವನ್ನೂ ಬದಲಿಸಬೇಕೆಂದಿಲ್ಲ. "ನಾಲ್ಕೂ" ಎಂದರೆ ನಾಲ್ಕನ್ನೂ ತೋರಿಸಲಿ.

ಕೆಲಸ ನಡೆಯುವಾಗ ಗಮನಿಸಬೇಕಾದದ್ದು

ಸ್ಟ್ರಟ್ ಬಿಚ್ಚುವ ಕೆಲಸ ಅಪಾಯದ್ದು. ಅದರೊಳಗಿನ ಸ್ಪ್ರಿಂಗ್ ಭಾರೀ ಒತ್ತಡದಲ್ಲಿ ಅದುಮಿಕೊಂಡಿರುತ್ತದೆ. ಸ್ಪ್ರಿಂಗ್ ಕಂಪ್ರೆಸರ್ ಎಂಬ ಸಾಧನದಿಂದ ಅದನ್ನು ಬಿಗಿಹಿಡಿಯದೆ ತಲೆಯ ನಟ್ ಬಿಚ್ಚಿದರೆ ಅದು ಚಿಮ್ಮಿ ಕೈಕಾಲು ಮುರಿಯಬಹುದು, ಪ್ರಾಣವನ್ನೂ ತೆಗೆಯಬಹುದು. ಗ್ಯಾರೇಜಿನಲ್ಲಿ ಈ ಸಾಧನ ಇದೆಯೇ ಎಂದು ನೋಡಿ. ಕೆಲಸ ಕಲಿಯುವ ಹುಡುಗನ ಕೈಗೆ ಹಗ್ಗ, ತಂತಿ ಕೊಟ್ಟು ಸ್ಪ್ರಿಂಗ್ ಕಟ್ಟಿಸುವ ಜಾಗದಲ್ಲಿ ನಿಮ್ಮ ಗಾಡಿ ಬಿಡಬೇಡಿ. ಆ ಹುಡುಗನ ಸಲುವಾಗಿಯಾದರೂ.

ಇನ್ನೊಂದು ವಿಷಯ ಹೆಚ್ಚಿನ ಗಾಡಿ ಮಾಲೀಕರಿಗೆ ಗೊತ್ತಿರುವುದಿಲ್ಲ. ರಬ್ಬರ್ ಬುಷ್ ಇರುವ ಬೋಲ್ಟ್‌ಗಳನ್ನು ಚಕ್ರ ಗಾಳಿಯಲ್ಲಿ ತೂಗಾಡುತ್ತಿರುವಾಗ ಪೂರ್ತಿ ಬಿಗಿಯಬಾರದು. ಮೊದಲು ಸಡಿಲವಾಗಿ ಕೂರಿಸಿ, ಗಾಡಿಯ ಭಾರ ಚಕ್ರದ ಮೇಲೆ ಬಂದ ಮೇಲೆ ಕೊನೆಯ ಬಿಗಿತ ಕೊಡಬೇಕು. ಕಾರಣ ಇಷ್ಟೇ: ತೂಗಾಡುವಾಗ ಬಿಗಿದರೆ ಗಾಡಿ ಕೆಳಗಿಳಿದ ಕೂಡಲೇ ರಬ್ಬರ್ ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುತ್ತದೆ. ನಿಂತಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಹೊಸ ಬುಷ್ ಹಾಕಿಸಿದ ಕೆಲವೇ ತಿಂಗಳಲ್ಲಿ ಸದ್ದು ಮರಳಿ ಬರುವುದಕ್ಕೆ ಇದೊಂದು ಮುಖ್ಯ ಕಾರಣ. "ಗಾಡಿ ಕೆಳಗಿಳಿಸಿ ಫೈನಲ್ ಟೈಟ್ ಮಾಡುತ್ತೀರಲ್ಲವೇ?" ಎಂದು ಒಂದು ಮಾತು ಕೇಳಿ. ನಿಮಗೆ ವಿಷಯ ಗೊತ್ತಿದೆ ಎಂದು ಮೆಕ್ಯಾನಿಕ್‌ಗೆ ತಿಳಿಯಲು ಅಷ್ಟೇ ಸಾಕು.

ಸ್ಟ್ರಟ್, ಲೋವರ್ ಆರ್ಮ್, ಟೈ ರಾಡ್ ಎಂಡ್ ಇವುಗಳಲ್ಲಿ ಯಾವುದನ್ನು ಬಿಚ್ಚಿ ಬದಲಿಸಿದರೂ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ಮಾಡಿಸದಿದ್ದರೆ ಹೊಸ ಟೈರ್ ಕೂಡ ಬೇಗ ಸವೆದುಹೋಗುತ್ತದೆ. ಕೆಲಸಕ್ಕೆ ಮುಂಚಿನ ಮತ್ತು ನಂತರದ ಅಳತೆಗಳ ಪ್ರಿಂಟ್ ಕೇಳಿ ಪಡೆಯಿರಿ. ಸವೆದ ಭಾಗಗಳನ್ನು ಹಾಗೇ ಬಿಟ್ಟು ಅಲೈನ್‌ಮೆಂಟ್ ಮಾಡಿಸುವುದು ಮಾತ್ರ ವ್ಯರ್ಥ, ಅಳತೆ ಮರುದಿನವೇ ಬದಲಾಗುತ್ತದೆ. ಅನೇಕ ಸಣ್ಣ ಕಾರುಗಳಲ್ಲಿ ಚಕ್ರ ವಾಲುವ ಕೋನ, ಅಂದರೆ ಕ್ಯಾಂಬರ್, ಸರಿಹೊಂದಿಸುವ ಏರ್ಪಾಡೇ ಇರುವುದಿಲ್ಲ. ಅಲ್ಲಿ ಕ್ಯಾಂಬರ್ ತಪ್ಪಿದ್ದರೆ ಯಾವುದೋ ಭಾಗ ಬಾಗಿದೆ ಎಂದೇ ಅರ್ಥ. ಬಾಗಿದ್ದನ್ನು ಜಾಕ್ ಕೊಟ್ಟು ಮತ್ತೆ ಬಗ್ಗಿಸುವುದು ಪರಿಹಾರವಲ್ಲ, ಯಾವುದು ಬಾಗಿದೆ ಎಂದು ಹುಡುಕುವುದು ಪರಿಹಾರ.

ಬಿಡಿಭಾಗ ಕೊಳ್ಳುವಾಗ

ಗಾಡಿ ಕಂಪನಿಯ ಹೆಸರಿನ ಡಬ್ಬಿ ಒಂದು ಬಗೆ. ಅದೇ ಭಾಗವನ್ನು ತಯಾರಿಸಿ ಕಂಪನಿಗೆ ಕೊಡುವವರು ತಮ್ಮ ಹೆಸರಿನಲ್ಲಿ ಮಾರುವುದು ಎರಡನೆಯ ಬಗೆ, ಇದು ಸಾಮಾನ್ಯವಾಗಿ ಸ್ವಲ್ಪ ಅಗ್ಗ, ಗುಣ ಅದೇ. ಹೆಸರಿಲ್ಲದ್ದು ಅಥವಾ ಹೆಸರು ಕದ್ದದ್ದು ಮೂರನೆಯದು. ಬಾಲ್ ಜಾಯಿಂಟ್, ಟೈ ರಾಡ್ ಎಂಡ್‌ಗಳಲ್ಲಿ ಈ ಮೂರನೆಯದನ್ನು ಮುಟ್ಟಲೇಬೇಡಿ. ಡಬ್ಬಿಯ ಮೇಲೆ ಭಾಗದ ನಂಬರ್, ತಯಾರಾದ ತಿಂಗಳು, ಗರಿಷ್ಠ ಮಾರಾಟ ಬೆಲೆ ಇವೆಯೇ ನೋಡಿ. ಡಬ್ಬಿ ನಿಮ್ಮೆದುರೇ ತೆರೆಯಲಿ.

ಹಳೆಯ ಶಾಕ್‌ಗೆ ಎಣ್ಣೆ ತುಂಬಿ, ಕಪ್ಪು ಬಣ್ಣ ಬಳಿದು 'ರೀಕಂಡಿಷನ್' ಎಂದು ಮಾರುವುದುಂಟು. ಕಾರಿನ ಶಾಕ್ ಸಾಮಾನ್ಯವಾಗಿ ಮುಚ್ಚಿ ಬೆಸೆದ ಸಾಮಾನು. ಕೊರೆದು ಎಣ್ಣೆ ತುಂಬಿದರೆ ಒಳಗಿನ ಸವೆದ ವಾಲ್ವ್ ಹೊಸದಾಗುವುದಿಲ್ಲ. ಗಾಡಿ ಎತ್ತರವಾಗುತ್ತದೆ ಎಂದು ಸ್ಪ್ರಿಂಗ್ ಸುರುಳಿಗಳ ನಡುವೆ ರಬ್ಬರ್ ತುಂಡು ಸಿಕ್ಕಿಸುವ ಅಭ್ಯಾಸವೂ ಇದೆ. ಅದರಿಂದ ಕೆಲವು ಸುರುಳಿಗಳು ಆಡುವುದೇ ಇಲ್ಲ, ಅವುಗಳ ಕೆಲಸ ಉಳಿದ ಸುರುಳಿಗಳ ಮೇಲೆ ಬೀಳುತ್ತದೆ. ಸ್ಪ್ರಿಂಗ್ ಸೋತಿದ್ದರೆ ಸ್ಪ್ರಿಂಗನ್ನೇ ಬದಲಿಸಿ.

ಬಿಲ್ ಕೇಳಲು ಸಂಕೋಚ ಬೇಡ. ಅದರಲ್ಲಿ ಭಾಗದ ಬೆಲೆ, ಕೂಲಿ ಬೇರೆ ಬೇರೆ ಇರಲಿ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 18 ಆಗಿದೆ. ಅದಕ್ಕೆ ಮುಂಚೆ ಶೇ. 28 ಇದ್ದ ಭಾಗಗಳಿಗೂ ಈಗ ಇದೇ ದರ. ಬಿಲ್‌ನಲ್ಲಿ ಹಳೆಯ ದರ ಇದ್ದರೆ ಕೇಳಿ. ತೆಗೆದ ಹಳೆಯ ಭಾಗಗಳನ್ನು ಡಿಕ್ಕಿಯಲ್ಲಿ ಇಡಲು ಮೊದಲೇ ಹೇಳಿ. ನಿಜವಾಗಿ ಬದಲಿಸಿದ್ದಾರೆ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ.

ವಿಮೆಯ ಬಗ್ಗೆಯೂ ಒಂದು ಮಾತು. ದಿನ ಕಳೆದಂತೆ ಆಗುವ ಸವೆತಕ್ಕೆ ಮೋಟಾರು ವಿಮೆ ಹಣ ಕೊಡುವುದಿಲ್ಲ. ಗುಂಡಿಗೆ ಬಿದ್ದು ಒಮ್ಮೆಲೇ ಆರ್ಮ್ ಬಾಗಿದರೆ, ಚಕ್ರ ಮುರಿದರೆ, ಅದು ಅಪಘಾತ. ಆಗ ಸ್ಥಳದ ಫೋಟೋ ತೆಗೆದು, ರಿಪೇರಿಗೆ ಕೈಹಾಕುವ ಮೊದಲು ವಿಮಾ ಕಂಪನಿಗೆ ತಿಳಿಸಿ.

ದ್ವಿಚಕ್ರದವರಿಗೆ

ಬೈಕ್, ಸ್ಕೂಟರ್ ಓಡಿಸುವ ಕೇಳುಗರು ಮುಂದಿನ ಫೋರ್ಕ್ ಕಡೆ ವಾರಕ್ಕೊಮ್ಮೆ ಕಣ್ಣು ಹಾಯಿಸಿ. ಹೊಳೆಯುವ ಕೊಳವೆಯ ಮೇಲೆ ಎಣ್ಣೆಯ ಉಂಗುರ ಕಂಡರೆ ಆಯಿಲ್ ಸೀಲ್ ಹೋಗಿದೆ. ಇದನ್ನು ಮುಂದೂಡಬೇಡಿ, ಆ ಎಣ್ಣೆ ಡಿಸ್ಕ್ ಬ್ರೇಕ್ ಮೇಲೆ ಇಳಿದರೆ ಬ್ರೇಕ್ ಹಿಡಿಯುವುದೇ ಇಲ್ಲ. ಸೀಲ್ ಬದಲಿಸುವಾಗ ಎರಡೂ ಕಡೆ ಬದಲಿಸಿ, ಫೋರ್ಕ್ ಆಯಿಲ್ ಎರಡಕ್ಕೂ ಅಳತೆ ಮಾಡಿ ಒಂದೇ ಪ್ರಮಾಣದಲ್ಲಿ ಹಾಕಲಿ. ಕೊಳವೆಯ ಮೇಲೆ ತುಕ್ಕಿನ ಚುಕ್ಕೆಗಳಿದ್ದರೆ ಅವು ಹೊಸ ಸೀಲನ್ನೂ ಹರಿಯುತ್ತವೆ, ಮೊದಲು ಅದನ್ನು ನೋಡಿಸಿ.

ಬ್ರೇಕ್ ಹಾಕಿದಾಗ ಹ್ಯಾಂಡಲ್ ಬುಡದಲ್ಲಿ 'ಟಕ್' ಎನ್ನುತ್ತದೆಯೇ? ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ತಿರುಗಿಸಿದಾಗ ನಡುವಿನಲ್ಲಿ ಸಿಕ್ಕಿಕೊಂಡಂತೆ ಆಗುತ್ತದೆಯೇ? ಹಾಗಿದ್ದರೆ ಕೋನ್ ಸೆಟ್ ಕೆಲಸ. ಹಿಂದಿನ ಶಾಕ್‌ನಲ್ಲಿ ಬಿಗಿತ ಹೆಚ್ಚುಕಡಿಮೆ ಮಾಡುವ ಹಲ್ಲುಗಳಿದ್ದರೆ, ಹಿಂದೆ ಯಾರನ್ನಾದರೂ ದಿನವೂ ಕೂರಿಸಿಕೊಂಡು ಹೋಗುವವರು ಒಂದೆರಡು ಹಲ್ಲು ಬಿಗಿ ಮಾಡಿಸಿ. ಎರಡೂ ಕಡೆ ಒಂದೇ ಮಟ್ಟದಲ್ಲಿರಲಿ.

ಊರಿಗೆ ಹೊರಡುವ ಮುನ್ನ

ನಮ್ಮವರ ದೊಡ್ಡ ಪಯಣ ಯಾವಾಗಲೂ ಊರಿನ ಕಡೆಗೇ. ಪುಣೆಯಿಂದ ಖಂಬಾಟ್ಕಿ ಘಾಟ್ ದಾಟಿ ಬೆಳಗಾವಿಗೆ, ಮುಂಬಯಿಯಿಂದ ಕೊಂಕಣದ ದಾರಿಯಾಗಿ ಮಂಗಳೂರಿಗೆ, ಹೈದರಾಬಾದಿನಿಂದ ಜಹೀರಾಬಾದ್ ಮೇಲಾಗಿ ಬೀದರ್, ಕಲಬುರಗಿಗೆ. ಐದು ಜನ, ಅವರ ಸಾಮಾನು. ಬರುವಾಗ ಅಕ್ಕಿ ಮೂಟೆ, ತೆಂಗಿನಕಾಯಿ, ಉಪ್ಪಿನಕಾಯಿ ಭರಣಿಗಳ ಹೆಚ್ಚುವರಿ ಭಾರ ಬೇರೆ! ವರ್ಷವಿಡೀ ಒಬ್ಬರೇ ಆಫೀಸಿಗೆ ಓಡಿಸಿದ ಗಾಡಿಯ ಸಸ್ಪೆನ್ಷನ್‌ಗೆ ನಿಜವಾದ ಪರೀಕ್ಷೆ ಆವತ್ತೇ. ಬ್ಯಾಟರಿ ಕಾರುಗಳು ಅದೇ ಗಾತ್ರದ ಪೆಟ್ರೋಲ್ ಕಾರುಗಳಿಗಿಂತ ಭಾರವಾದ್ದರಿಂದ ಅವುಗಳ ಮಾಲೀಕರಿಗೂ ಈ ಮಾತು ಅನ್ವಯ.

ಹೊರಡುವ ಹಿಂದಿನ ದಿನ ಗ್ಯಾರೇಜಿಗೆ ಹೋಗಬೇಡಿ, ಹತ್ತು ದಿನ ಮುಂಚೆ ಹೋಗಿ. ಭಾಗ ಸಿಗಲು, ಕೆಲಸ ಸರಿಯಾಗಿದೆಯೇ ಎಂದು ಊರೊಳಗೇ ಓಡಿಸಿ ನೋಡಲು ಸಮಯವಿರುತ್ತದೆ. ಟೈರ್ ಗಾಳಿಯನ್ನು ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಪೂರ್ಣ ಭಾರಕ್ಕೆ ಹೇಳಿದಷ್ಟೇ ತುಂಬಿಸಿ. ಅತಿಯಾದ ಗಾಳಿ ಗುಂಡಿಯ ಹೊಡೆತವನ್ನು ನೇರ ಸಸ್ಪೆನ್ಷನ್‌ಗೆ ದಾಟಿಸುತ್ತದೆ.

ಓಡಿಸುವ ರೀತಿಯಲ್ಲೂ ಉಳಿತಾಯವಿದೆ. ತಪ್ಪಿಸಲಾಗದ ಗುಂಡಿ ಬಂದರೆ ಅದಕ್ಕೆ ಮುಂಚೆಯೇ ಬ್ರೇಕ್ ಹಾಕಿ, ಚಕ್ರ ಇಳಿಯುವ ಕ್ಷಣದಲ್ಲಿ ಬ್ರೇಕ್ ಬಿಡಿ. ಬ್ರೇಕ್ ಒತ್ತಿದಾಗ ಗಾಡಿಯ ಮೂಗು ತಗ್ಗಿ ಮುಂದಿನ ಸ್ಪ್ರಿಂಗ್ ಆಗಲೇ ಅದುಮಿಕೊಂಡಿರುತ್ತದೆ, ಹೊಡೆತ ತಾಳಲು ಜಾಗವೇ ಉಳಿದಿರುವುದಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು ಎಂದಿದೆ, ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲು ಬರುವಂತೆ. ನಮ್ಮ ಬಡಾವಣೆಗಳ ಮುಂದೆ ರಾತ್ರೋರಾತ್ರಿ ಏಳುವ ಗಿಡ್ಡ, ಕಡಿದಾದ ಉಬ್ಬುಗಳು ಯಾವ ಮಾರ್ಗಸೂಚಿಯನ್ನೂ ಓದಿದವಲ್ಲ. ಅಲ್ಲಿ ನಡಿಗೆಯ ವೇಗವೇ ಕ್ಷೇಮ.

ಶಾಕ್ ಅಬ್ಸಾರ್ಬರ್‌ಗೆ ಇಷ್ಟೇ ಕಿಲೋಮೀಟರ್ ಎಂಬ ಆಯುಸ್ಸು ಬರೆದಿಲ್ಲ. ರಸ್ತೆ, ಭಾರ, ಓಡಿಸುವ ಕೈ ಅದನ್ನು ನಿರ್ಧರಿಸುತ್ತವೆ. ಹಾಗಾಗಿ ಪ್ರತಿ 10,000 ಕಿ.ಮೀ.ಗೆ ಅಥವಾ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಕೂಡಲೇ, ಲಿಫ್ಟ್ ಮೇಲೆ ಏರಿಸಿ ಒಮ್ಮೆ ನೋಡಿಸಿ. ನೋಡಿಸುವುದಕ್ಕೆ ತಗಲುವ ಖರ್ಚು ಕಡಿಮೆ. ತೋರಿಸಲು ಹಿಂಜರಿಯದ, "ಇದು ಇನ್ನೂ ಆರು ತಿಂಗಳು ನಡೆಯುತ್ತದೆ, ಈಗ ಬೇಡ" ಎನ್ನುವ ಮೆಕ್ಯಾನಿಕ್ ಸಿಕ್ಕರೆ ಅವರ ನಂಬರ್ ಜೋಪಾನವಾಗಿಟ್ಟುಕೊಳ್ಳಿ, ನಿಮ್ಮ ಊರಿನ ಕನ್ನಡ ಬಳಗದವರಿಗೂ ಕೊಡಿ. ಪರಊರಿನಲ್ಲಿ ಒಳ್ಳೆಯ ವೈದ್ಯರ ವಿಳಾಸದಷ್ಟೇ ಬೆಲೆಬಾಳುವ ವಿಳಾಸ ಅದು.

ನಿಮ್ಮ ದಾರಿ ಸುಗಮವಾಗಲಿ. ಶುಭ ಪ್ರಯಾಣ!